ಸಾಫ್ಟ್‌ವೇರ್ 3,232 ಪೌಂಡ್ ಅಂತಿದೆ, ನನ್ನ ಕೈಲೆಕ್ಕ 2,895. ಶಿಯರ್ ವಾಲ್ ಹೋಲ್ಡ್‌ಡೌನ್ ಯಾವುದಕ್ಕೆ ಹಾಕಲಿ?

ಕೈಲೆಕ್ಕ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಆಫೀಸಿನಲ್ಲಿ ಮೂರು ವರ್ಷದಿಂದ ಅಮೆರಿಕದ ಮರದ ಮನೆಗಳ ಸ್ಟ್ರಕ್ಚರಲ್ ಲೆಕ್ಕ ಮಾಡುತ್ತಿದ್ದೇನೆ. ಕಾಲೇಜಿನಲ್ಲಿ ಓದಿದ್ದೆಲ್ಲ ಆರ್‌ಸಿಸಿ. ಮರದ ಚೌಕಟ್ಟಿನ ಮನೆಯನ್ನು ಇನ್ನೂ ಕಣ್ಣಾರೆ ನೋಡಿಲ್ಲ, ಫೋಟೋದಲ್ಲಿ ನೋಡಿದ್ದೇನೆ ಅಷ್ಟೇ.

ಈಗ ಕೈಯಲ್ಲಿರುವುದು ಸಿಯಾಟಲ್ ಹತ್ತಿರದ ಒಂದೇ ಅಂತಸ್ತಿನ ಮನೆ. ಮುಂಭಾಗದ ತುಂಬ ಕಿಟಕಿಗಳು. ಹಾಗಾಗಿ ಆ ಸಾಲಿನಲ್ಲಿ ಭೂಕಂಪದ ಅಡ್ಡಬಲ ತಡೆಯುವ ಗೋಡೆ, ಅಂದರೆ ಶಿಯರ್ ವಾಲ್, ಸಿಕ್ಕಿರುವುದು ಒಂದೇ. 8 ಅಡಿ ಉದ್ದ, 9 ಅಡಿ ಎತ್ತರ. ಗೋಡೆಯ ತಲೆಗೆ ಬರುವ ಬಲ 3,000 ಪೌಂಡ್. ಇದು ಎಎಸ್‌ಡಿ (ಅನುಮತಿಸಿದ ಬಲದ ವಿಧಾನ) ಮಟ್ಟದ ಬಲ, 0.7 ಗುಣಿಸಿ ಆಗಿದೆ, ಬಲ ತಡೆಯುವ ಗೋಡೆಗಳು ಕಡಿಮೆ ಇದ್ದರೆ ಸೇರಿಸುವ ರಿಡಂಡೆನ್ಸಿ ಗುಣಕವೂ ಸೇರಿದೆ. ಡೆಡ್ ಲೋಡ್, ಅಂದರೆ ಕಟ್ಟಡದ ಸ್ವಂತ ಭಾರ, ಅಡಿಗೆ 200 ಪೌಂಡ್, ಒಟ್ಟು 1,600.

ನನ್ನ ಲೆಕ್ಕ ಹೀಗಿದೆ. 3,000 × 9 = 27,000. ಅದನ್ನು 8ರಿಂದ ಭಾಗಿಸಿದರೆ 3,375. ಡೆಡ್ ಲೋಡಿನ 0.6 ಭಾಗ ಅಂದರೆ 960. ಅದರ ಅರ್ಧ 480 ಈ ತುದಿಗೆ. ಕಳೆದರೆ 2,895. ಎಚ್‌ಡಿಯು2 ಅನ್ನುವ ಮಾದರಿಯ ಹೋಲ್ಡ್‌ಡೌನ್ ಡಗ್ಲಸ್ ಫರ್ ಮರದಲ್ಲಿ 3,075 ಪೌಂಡ್ ತಡೆಯುತ್ತದೆ. ಸಾಕು ಅಂದುಕೊಂಡೆ.

ಸಾಫ್ಟ್‌ವೇರ್ 3,232 ತೋರಿಸಿ ಆ ಸಾಲನ್ನು ಕೆಂಪು ಮಾಡಿದೆ. ಸೀನಿಯರ್ ಕೇಳಿದರೆ "ಒಂದು ಸೈಜ್ ದೊಡ್ಡದು ಹಾಕಿ ಮುಂದೆ ಹೋಗು" ಅಂದರು. ನನಗೆ ಸಮಾಧಾನ ಆಗಲಿಲ್ಲ. ನಡುವಿನ 337 ಪೌಂಡ್ ಎಲ್ಲಿಂದ ಬಂತು? ಯಾರಾದರೂ ಬಿಡಿಸಿ ಹೇಳುತ್ತೀರಾ?

ಸಿವಿಲ್_ಸುರತ್ಕಲ್

ಸರ್, ನಾನು ಇನ್ನೂ ವಿದ್ಯಾರ್ಥಿ. ಹೋಲ್ಡ್‌ಡೌನ್ ಅಂದರೆ ಪಾಯಕ್ಕೆ ಹಾಕುವ ಸಾಮಾನ್ಯ ಆಂಕರ್ ಬೋಲ್ಟೇ ಅಲ್ವಾ? ಗೋಡೆ ಉದ್ದಕ್ಕೂ ಬೋಲ್ಟ್ ಇದ್ದೇ ಇರುತ್ತದೆ. ತುದಿಯಲ್ಲಿ ಬೇರೆ ಯಾಕೆ?

ಸಾಗರದವ_ಸ್ಯಾಕ್ರಮೆಂಟೊ

ಇಲ್ಲ ತಮ್ಮಾ, ಎರಡರ ಕೆಲಸವೂ ಬೇರೆ. ಊರಲ್ಲಿ ಮದುವೆ ಚಪ್ಪರ ಹಾಕುವುದನ್ನು ನೋಡಿದ್ದೀಯಲ್ಲ. ಗಾಳಿ ಒಂದು ಕಡೆಯಿಂದ ನುಗ್ಗಿದರೆ ಚಪ್ಪರ ಪಕ್ಕಕ್ಕೂ ಸರಿಯುತ್ತದೆ, ಗಾಳಿ ಬಂದ ಕಡೆಯ ಕಂಬ ಮೇಲಕ್ಕೂ ಏಳುತ್ತದೆ. ಸರಿಯದಂತೆ ಹಿಡಿಯುವುದು ಒಂದು ಕೆಲಸ. ಏಳದಂತೆ ಗೂಟ ಹೊಡೆದು ಹಗ್ಗ ಬಿಗಿಯುವುದು ಇನ್ನೊಂದು.

ಮರದ ಗೋಡೆಯಲ್ಲೂ ಹಾಗೇ. ಕೆಳಗಿನ ಪಟ್ಟಿಗೆ, ಅಂದರೆ ಸಿಲ್ ಪ್ಲೇಟಿಗೆ, ಸಾಲಾಗಿ ಹಾಕಿದ ಬೋಲ್ಟ್‌ಗಳು ಗೋಡೆ ಪಕ್ಕಕ್ಕೆ ಜಾರದಂತೆ ಹಿಡಿಯುತ್ತವೆ. ಗೋಡೆ ಒಂದು ತುದಿಯ ಮೇಲೆ ಎದ್ದು ಉರುಳದಂತೆ ಹಿಡಿಯುವುದು ತುದಿಯ ಹೋಲ್ಡ್‌ಡೌನ್. ಅದು ಮಡಚಿದ ದಪ್ಪ ತಗಡಿನ ಬ್ರಾಕೆಟ್. ತುದಿಯ ಕಂಬಕ್ಕೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಅದರ ಬುಡದ ತೂತಿನಲ್ಲಿ ಪಾಯದಿಂದ ಎದ್ದ ಬೋಲ್ಟ್ ಬಂದು ನಟ್ ಬಿಗಿಯುತ್ತದೆ. ಭೂಕಂಪ ಎರಡೂ ಕಡೆಗೆ ತೂಗುತ್ತದೆ, ಹಾಗಾಗಿ ಎರಡೂ ತುದಿಗೆ ಬೇಕು.

ನಮ್ಮ ಕಡೆ ಮಲೆನಾಡಿನ ಮನೆಗಳಲ್ಲೂ ಮರದ ಕಂಬ ಇದ್ದವು. ಆದರೆ ಅವು ಕಲ್ಲಿನ ಮೇಲೆ ಭಾರ ಹೊತ್ತು ನಿಂತಿದ್ದವು. ಇಲ್ಲಿನ ಮನೆ ಹಗುರ. ಹಗುರವಾದ್ದನ್ನು ಕಟ್ಟಿಹಾಕಲೇಬೇಕು.

ಮಳೆಯೂರು_ಸಿಯಾಟಲ್

ಕೈಲೆಕ್ಕ ಅವರೇ, ನಿಮ್ಮ ಪ್ರಶ್ನೆ ಒಳ್ಳೆಯದು. ಸೈಜ್ ದೊಡ್ಡದು ಮಾಡಿ ಮುಂದೆ ಹೋಗದೆ ನಿಂತು ಕೇಳಿದಿರಿ, ತುಂಬ ಖುಷಿಯಾಯಿತು. ಇಲ್ಲಿ ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ 337 ಪೌಂಡ್ ಎರಡು ಕಡೆಯಿಂದ ಬಂದಿದೆ.

ಮೊದಲನೆಯದು ಮೊಮೆಂಟ್ ಆರ್ಮ್, ಅಂದರೆ ಒಂದು ತುದಿಯ ಎಳೆತಕ್ಕೂ ಇನ್ನೊಂದು ತುದಿಯ ಒತ್ತಡಕ್ಕೂ ನಡುವಿನ ದೂರ. ನೀವು 8 ಅಡಿ ಹಿಡಿದಿದ್ದೀರಿ. ಆದರೆ ಬಲ ಗೋಡೆಯ ಅಂಚಿನಲ್ಲಿ ಇಲ್ಲ. ಕಾಗದ ತೆಗೆದು ಗೋಡೆಯ ಬುಡ ಬರೆಯಿರಿ. ತುದಿಯಲ್ಲಿ ಎರಡು ಸ್ಟಡ್ (ಗೋಡೆಯ ನಿಲುವು ಮರ) ಸೇರಿಸಿದ ಕಂಬ, ದಪ್ಪ 3 ಇಂಚು. ಹೋಲ್ಡ್‌ಡೌನ್ ಆ ಕಂಬದ ಒಳಮುಖಕ್ಕೆ ಕೂರುತ್ತದೆ. ಬೋಲ್ಟಿನ ನಡುಗೆರೆ ಕಂಬದ ಮುಖದಿಂದ ಇನ್ನೂ 1 5/16 ಇಂಚು ಒಳಗೆ. ಅಂದರೆ ಎಳೆತ ಇರುವುದು ಗೋಡೆಯ ತುದಿಯಿಂದ 4 5/16 ಇಂಚು ಒಳಗಡೆ. ಇನ್ನೊಂದು ತುದಿಯಲ್ಲಿ ಒತ್ತಡ ಕಂಬದ ನಡುವೆ ಕೂರುತ್ತದೆ, ತುದಿಯಿಂದ 1.5 ಇಂಚು. 96ರಲ್ಲಿ ಎರಡನ್ನೂ ಕಳೆದರೆ ಸುಮಾರು 90 ಇಂಚು, ಅಂದರೆ 7.5 ಅಡಿ. 27,000 ಭಾಗಿಸು 7.5 ಅಂದರೆ 3,600. ನಿಮ್ಮ 3,375ಕ್ಕಿಂತ 225 ಜಾಸ್ತಿ.

ಎರಡನೆಯದು ಡೆಡ್ ಲೋಡಿನ ಗುಣಕ. 0.6 ಗಾಳಿಗೆ ಸರಿ. ಭೂಕಂಪಕ್ಕೆ ಎಎಸ್‌ಸಿಇ 7 (ಕಟ್ಟಡದ ಮೇಲಿನ ಭಾರ, ಬಲಗಳ ಅಮೆರಿಕದ ಮಾನದಂಡ) ಪ್ರಕಾರ ಅದು 0.6 − 0.14 × ಎಸ್‌ಡಿಎಸ್. ಎಸ್‌ಡಿಎಸ್ ಅಂದರೆ ಆ ಜಾಗದಲ್ಲಿ ಭೂಕಂಪ ಎಷ್ಟು ಜೋರು ಅಂತ ಹೇಳುವ ಅಂಕಿ. ನೆಲ ಅಡ್ಡಡ್ಡ ಅಷ್ಟೇ ಅಲ್ಲ, ಮೇಲೆ ಕೆಳಗೂ ಅಲ್ಲಾಡುತ್ತದೆ. ಕೆಳಗೆ ಹೋಗುವ ಗಳಿಗೆಯಲ್ಲಿ ಮನೆ ಹಗುರವಾಗುತ್ತದೆ. ನಿಮ್ಮ ಫೈಲಿನಲ್ಲಿ ಎಸ್‌ಡಿಎಸ್ 1.0 ಇರಬೇಕು. ಆಗ ಗುಣಕ 0.46. 1,600 × 0.46 = 736, ಅರ್ಧ 368. ನೀವು ಕಳೆದದ್ದು 480. ಇಲ್ಲಿ 112 ವ್ಯತ್ಯಾಸ.

225 ಮತ್ತು 112 ಕೂಡಿಸಿ. 337. ಸಾಫ್ಟ್‌ವೇರಿನ 3,600 − 368 = 3,232.

ಹಾಗಾದರೆ ಸಾಫ್ಟ್‌ವೇರ್ ಸರಿಯಾ? ಲೆಕ್ಕ ಸರಿ. ಆದರೆ ನನಗೆ ಒಂದು ಅನುಮಾನ ಇದೆ. ಅಡಿಗೆ 200 ಪೌಂಡ್ ಡೆಡ್ ಲೋಡ್ ಎಲ್ಲಿಂದ ತಂದಿರಿ? ಆ ಗೋಡೆಯ ಮೇಲೆ ಟ್ರಸ್, ಅಂದರೆ ಮಾಡನ್ನು ಹೊರುವ ಮರದ ಚೌಕಟ್ಟು, ಯಾವ ದಿಕ್ಕಿಗೆ ಓಡುತ್ತದೆ, ಪ್ಲಾನ್ ತೆಗೆದು ನೋಡಿ.

ಇದನ್ನು ಯಾಕೆ ಕೇಳುತ್ತಿದ್ದೇನೆ ಅಂದರೆ, ಆರ್‌ಸಿಸಿಯಿಂದ ಬಂದ ನಮಗೆಲ್ಲ ಒಂದು ಅಭ್ಯಾಸ ಇರುತ್ತದೆ. ಭಾರ ಸ್ವಲ್ಪ ಜಾಸ್ತಿ ಹಿಡಿದರೆ ಕ್ಷೇಮ ಅಂತ. ಬೀಮಿಗೆ, ಕಾಲಂಗೆ ಅದು ನಿಜ. ಹೋಲ್ಡ್‌ಡೌನ್‌ಗೆ ಪೂರಾ ಉಲ್ಟಾ. ಇಲ್ಲಿ ಭಾರ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಇಲ್ಲದ ಭಾರವನ್ನು ಇದೆ ಅಂತ ಬರೆದರೆ ಎಳೆತ ಕಾಗದದ ಮೇಲೆ ಕಡಿಮೆಯಾಗುತ್ತದೆ, ಗೋಡೆಯಲ್ಲಿ ಆಗುವುದಿಲ್ಲ. ಹೊಸಬರು ನನ್ನ ಹತ್ತಿರ ತರುವ ಫೈಲುಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಕೈಲೆಕ್ಕ_ಬೆಂಗಳೂರು

ಮೇಡಂ, ತುಂಬ ಧನ್ಯವಾದ. ಎಸ್‌ಡಿಎಸ್ 1.0 ಹೌದು. 4 5/16 ಇಂಚು ಅಂತ ಹೇಳಿದ ಮೇಲೆ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಹೋಲ್ಡ್‌ಡೌನ್ ಆಫ್‌ಸೆಟ್ ಅಂತ ಒಂದು ಖಾನೆ ಇದೆ. ಮೂರು ವರ್ಷದಲ್ಲಿ ಒಂದು ದಿನವೂ ಅದನ್ನು ತೆರೆದಿರಲಿಲ್ಲ.

ಟ್ರಸ್ ದಿಕ್ಕು ನೋಡಿ ಬರುತ್ತೇನೆ.

ಪ್ಲಾನ್‌ಸೆಟ್_ಮೈಸೂರು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಇದೇ ಕೆಲಸ ಮಾಡುವವರು. ವಾರಕ್ಕೆ ನಾಲ್ಕೈದು ಮನೆ ಮುಗಿಸಬೇಕು. ಒಂದೊಂದು ಗೋಡೆಗೂ ಹೀಗೆ ಬಿಡಿಸುತ್ತಾ ಕೂತರೆ ಆಗುವುದಿಲ್ಲ. ಎಚ್‌ಡಿಯು2 ಬದಲು ಎಚ್‌ಡಿಯು5 ಹಾಕಿದರೆ 5,645 ಪೌಂಡ್ ಸಿಗುತ್ತದೆ. ಎರಡಕ್ಕೂ ಬೋಲ್ಟ್ 5/8 ಇಂಚೇ. ಬೆಲೆ ವ್ಯತ್ಯಾಸವೂ ಮನೆಯ ಲೆಕ್ಕದಲ್ಲಿ ಏನೂ ಅಲ್ಲ. ಸೀನಿಯರ್ ಹೇಳಿದ್ದರಲ್ಲಿ ತಪ್ಪೇನಿದೆ?

ಪಾಯದ_ಮನುಷ್ಯ

ತಪ್ಪಿರುವುದು ಪಾಯದಲ್ಲಿ. ನಾನು ಹುಬ್ಬಳ್ಳಿಯವ, ಈಗ ಲಾಸ್ ಏಂಜಲೀಸ್‌ನಲ್ಲಿ ಆಂಕರ್ ಮತ್ತು ಫೌಂಡೇಶನ್ ಲೆಕ್ಕಗಳನ್ನೇ ಹೆಚ್ಚು ಮಾಡುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಪೂರ್ತಿ ಓದಿ ಅಂತ ಕೇಳಿಕೊಳ್ಳುತ್ತೇನೆ.

ಬ್ರಾಕೆಟ್ ದೊಡ್ಡದು ಮಾಡಿದರೆ ಬ್ರಾಕೆಟ್ಟಿನ ಶಕ್ತಿ ಜಾಸ್ತಿಯಾಯಿತು. ಬೋಲ್ಟ್ ಅದೇ, ಕಾಂಕ್ರೀಟ್ ಅದೇ. ಸಾಫ್ಟ್‌ವೇರಿನ ಕೆಂಪು ಸಾಲು ಹಸಿರಾಗುತ್ತದೆ, ಯಾಕೆಂದರೆ ಅದು ಬ್ರಾಕೆಟ್ಟನ್ನು ಮಾತ್ರ ನೋಡುತ್ತಿದೆ. ನಾನು ಬಳಸಿದ ಶಿಯರ್ ವಾಲ್ ಸಾಫ್ಟ್‌ವೇರ್ ಎಳೆತ ಎಷ್ಟು ಅಂತ ಹೇಳಿ ಸಿಲ್ ಪ್ಲೇಟಿನ ಮೇಲೆ ನಿಲ್ಲುತ್ತದೆ. ಅದರ ಕೆಳಗಿನದು ನಮ್ಮ ಕೆಲಸ.

ಈ ಮನೆಯದೇ ಉದಾಹರಣೆ ತೆಗೆದುಕೊಳ್ಳೋಣ. ಪಾಯದ ಕಾಂಕ್ರೀಟ್ ಗೋಡೆ 8 ಇಂಚು ದಪ್ಪ ಅಂದುಕೊಳ್ಳಿ, ಕಾಂಕ್ರೀಟ್ 2,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಮೇಲಿನ ಮರದ ಗೋಡೆ ಎರಡು-ನಾಲ್ಕರದ್ದಾದರೆ ಅಗಲ 3.5 ಇಂಚು. ಅದು ಪಾಯದ ಹೊರ ಅಂಚಿಗೆ ಸಮನಾಗಿ ಕೂರುತ್ತದೆ. ಹಾಗಾಗಿ ಬೋಲ್ಟ್ ಹೊರ ಅಂಚಿನಿಂದ ಬರೀ 1.75 ಇಂಚು ದೂರ. ನಿಮ್ಮ ಹೆಬ್ಬೆರಳು ಅಡ್ಡ ಇಟ್ಟು ನೋಡಿ, ಎರಡು ಹೆಬ್ಬೆರಳಿನ ಅಗಲವೂ ಇಲ್ಲ. ಅಷ್ಟೇ ಕಾಂಕ್ರೀಟ್ ಆ ಕಡೆ ಇರುವುದು.

ಬೋಲ್ಟನ್ನು ಮೇಲಕ್ಕೆ ಎಳೆದಾಗ ಕಾಂಕ್ರೀಟ್ ಲಾಳಿಕೆಯ ಆಕಾರದಲ್ಲಿ ಕಿತ್ತು ಬರುತ್ತದೆ. ಬೋಲ್ಟ್ 8 ಇಂಚು ಆಳ ಇದ್ದರೆ ಲಾಳಿಕೆಯ ಬಾಯಿ ಪ್ರತಿ ಕಡೆಗೆ ಆಳದ ಒಂದೂವರೆ ಪಟ್ಟು ಹರಡುತ್ತದೆ. 24 ಇಂಚು ಉದ್ದ, 24 ಇಂಚು ಅಗಲ, ಒಟ್ಟು 576 ಚದರ ಇಂಚು. ಅಷ್ಟು ಜಾಗ ಇದ್ದಿದ್ದರೆ ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318ರ 17ನೇ ಅಧ್ಯಾಯದ ಸೂತ್ರದಂತೆ 24 (ಸೂತ್ರದ ಸ್ಥಿರಾಂಕ) × 50 (2,500ರ ವರ್ಗಮೂಲ) × 22.6 (ಆಳ 8ರ ಒಂದೂವರೆ ಘಾತ), ಸುಮಾರು 27,150 ಪೌಂಡ್. ಕೇಳೋಕೆ ಚೆನ್ನಾಗಿದೆ. ಆದರೆ ಗೋಡೆಯ ದಪ್ಪ 8 ಇಂಚು. ಸಿಗುವ ಜಾಗ 8 × 24 = 192. ಮೂರರಲ್ಲಿ ಒಂದು ಪಾಲು. ಜೊತೆಗೆ ಅಂಚು ಹತ್ತಿರ ಇರುವುದಕ್ಕೆ 0.744ರಿಂದ ಗುಣಿಸಬೇಕು. ಬಂದದ್ದು 6,730. ಅದಕ್ಕೆ ಫೈ, ಅಂದರೆ ಶಕ್ತಿಯನ್ನು ಇಳಿಸುವ ಗುಣಕ, 0.70, ಭೂಕಂಪಕ್ಕೆ ಇನ್ನೊಂದು 0.75. ಈಗ 3,534. ಇದು ಸ್ಟ್ರೆಂತ್ ಮಟ್ಟದ್ದು, ಅಂದರೆ 0.7 ಗುಣಿಸುವ ಮುಂಚಿನ ಬಲಕ್ಕೆ ಹೋಲಿಸುವಂಥದ್ದು. ನಿಮ್ಮ 3,232 ಎಎಸ್‌ಡಿ ಮಟ್ಟದ್ದು. ಹೋಲಿಸಲು 0.7ರಿಂದ ಗುಣಿಸಿ. 2,474 ಪೌಂಡ್.

ನೋಡಿದಿರಾ? ಎಚ್‌ಡಿಯು5ರ 5,645 ಒಂದು ಕಡೆ. ಅದರ ಕೆಳಗಿನ ಕಾಂಕ್ರೀಟಿನ 2,474 ಇನ್ನೊಂದು ಕಡೆ. ದೊಡ್ಡ ಬ್ರಾಕೆಟ್ ಹಾಕಿ ನಾವು ಮಾಡಿದ್ದು ಏನೂ ಇಲ್ಲ.

ಇದೂ ಸಾಲದು. ಭೂಕಂಪ ಜೋರಾಗಿ ಬರುವ ಕಡೆ ಕಾಂಕ್ರೀಟ್ ಮೊದಲು ಒಡೆಯಬಾರದು, ಉಕ್ಕು ಮೊದಲು ಎಳೆದುಕೊಳ್ಳಬೇಕು ಅಂತ ಎಸಿಐ ಕೇಳುತ್ತದೆ. ಉಕ್ಕು ಹಿಗ್ಗುತ್ತದೆ, ಸಮಯ ಕೊಡುತ್ತದೆ. ಕಾಂಕ್ರೀಟ್ ಹೇಳದೆ ಕೇಳದೆ ಕಿತ್ತು ಬರುತ್ತದೆ. ಉಕ್ಕು ಮೊದಲು ಸೋಲುವ ಹಾಗೆ ಮಾಡಲು ಆಗದಿದ್ದರೆ ಭೂಕಂಪದ ಬಲವನ್ನೇ ಒಮೆಗಾ ಅನ್ನುವ ಹೆಚ್ಚುವರಿ ಗುಣಕದಿಂದ ಗುಣಿಸಬೇಕು. ಮರದ ಶಿಯರ್ ವಾಲ್‌ಗೆ ಅದು 3, ಫ್ಲೆಕ್ಸಿಬಲ್ ಡಯಾಫ್ರಂ (ಬಾಗುವಂಥ ಮಾಡು ಅಥವಾ ನೆಲ) ಇದ್ದರೆ 2.5. ಆಗ ಈ 8 ಇಂಚಿನ ಬೋಲ್ಟ್ ಹತ್ತಿರಕ್ಕೂ ಬರುವುದಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ಕೆಲಸ ಮಾಡುವವರಿಗೆ 1994ರ ಜನವರಿ 17 ಮರೆಯುವ ತಾರೀಖಲ್ಲ. ನಾರ್ತ್‌ರಿಡ್ಜ್ ಭೂಕಂಪ, ತೀವ್ರತೆ 6.7, ಬೆಳಗಿನ ಜಾವ ನಾಲ್ಕೂವರೆ. ನಾರ್ತ್‌ರಿಡ್ಜ್ ಮೆಡೋಸ್ ಅನ್ನುವ ಮೂರಂತಸ್ತಿನ ಮರದ ಅಪಾರ್ಟ್‌ಮೆಂಟ್ ಒಂದರಲ್ಲೇ 16 ಜನ ಹೋದರು. ಅಲ್ಲಿ ಕೆಳಗಿನ ಅಂತಸ್ತೇ ಮೆತ್ತಗಿತ್ತು, ಹೋಲ್ಡ್‌ಡೌನ್ ಒಂದರ ಮಾತಲ್ಲ ಅದು. ಆದರೆ ಮರದ ಮನೆ ಹಗುರ, ಅದಕ್ಕೇನೂ ಆಗುವುದಿಲ್ಲ ಅನ್ನುವ ನಂಬಿಕೆ ಆ ದಿನ ಮುರಿಯಿತು. ಕ್ಯಾಲ್ಟೆಕ್ ಸೇರಿ ಮರದ ಕಟ್ಟಡಗಳ ಮೇಲೆ ದೊಡ್ಡ ಸಂಶೋಧನೆ ನಡೆದದ್ದು ಅದಾದ ಮೇಲೆಯೇ.

ಪ್ಲಾನ್‌ಸೆಟ್_ಮೈಸೂರು

2,474 ನೋಡಿ ಒಂದು ನಿಮಿಷ ಸುಮ್ನೆ ಕೂತೆ. ನಮ್ಮ ಡ್ರಾಯಿಂಗಿನಲ್ಲಿ "ಆಂಕರ್ ತಯಾರಕರ ಸೂಚನೆಯಂತೆ" ಅಂತ ಒಂದು ನೋಟ್ ಹಾಕಿ ಬಿಡುತ್ತೇವೆ. ಆ ಸೂಚನೆಯಲ್ಲಿ ಅಂಚಿನ ದೂರ ಎಷ್ಟು ಅಂತ ನಾನೂ ತೆರೆದು ನೋಡಿಲ್ಲ. ನನ್ನ ಮಾತು ವಾಪಸ್ ತಗೋತೀನಿ.

ಪಾಯದ_ಮನುಷ್ಯ

ವಾಪಸ್ ತಗೊಳ್ಳುವುದೇನೂ ಬೇಡ ಸರ್. ಹಾಗೆ ಕೇಳಿದ್ದಕ್ಕೇ ಇದು ಬಂತು. ದಾರಿಗಳಿವೆ. ತಯಾರಕರು ಪಾಯದ ಗೋಡೆಗೆ ಅಂತಲೇ ಪರೀಕ್ಷೆ ಮಾಡಿದ ಬಾಗಿದ ಬೋಲ್ಟ್‌ಗಳಿವೆ. ಅವುಗಳ ಕೋಷ್ಟಕದಲ್ಲಿ ಗಾಳಿಗೆ ಬೇರೆ ಕಾಲಂ, ಭೂಕಂಪಕ್ಕೆ ಬೇರೆ ಕಾಲಂ ಇರುತ್ತದೆ. ಗೋಡೆಯ ನಡುವೆ ಇದ್ದರೆ ಒಂದು ಅಂಕಿ, ಮೂಲೆಯಲ್ಲಿ ಇದ್ದರೆ ಇನ್ನೊಂದು. ತಪ್ಪು ಕಾಲಂ ಓದಬೇಡಿ ಅಷ್ಟೇ. ಇಲ್ಲವಾದರೆ ಬೋಲ್ಟಿನ ಪಕ್ಕದಲ್ಲಿ ನಿಲುವು ಕಂಬಿ ಕೊಟ್ಟು ಎಳೆತವನ್ನು ಕಂಬಿಗೆ ದಾಟಿಸಬಹುದು. ಮೇಲಿನ ಗೋಡೆ ಎರಡು-ಆರರದ್ದು ಮಾಡಿದರೆ ಅಂಚಿನ ದೂರ 2.75 ಇಂಚಾಗುತ್ತದೆ, ಅದೂ ಸಹಾಯ.

ಸಾಗರದವ_ಸ್ಯಾಕ್ರಮೆಂಟೊ

ನಾನು ಎಂಜಿನಿಯರ್ ಅಲ್ಲ. ಇಪ್ಪತ್ತು ವರ್ಷ ಫ್ರೇಮಿಂಗ್ ಮಾಡಿದವನು, ಈಗ ನನ್ನದೇ ಸಣ್ಣ ತಂಡ ಇದೆ. ನೀವೆಲ್ಲ ಲೆಕ್ಕ ಮಾಡಿ ಕಳಿಸಿದ್ದು ನಮ್ಮ ಕೈಯಲ್ಲಿ ಏನಾಗುತ್ತದೆ ಅಂತ ಒಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಎರಡಂತಸ್ತಿನ ಮನೆಯ ರಿಪೇರಿಗೆ ಹೋಗಿದ್ದೆ. ಮನೆ ಕಟ್ಟಿ ಮೂರು ವರ್ಷ ಆಗಿತ್ತು. ಮೇಲಿನ ಅಂತಸ್ತಿನಲ್ಲಿ ನೀರಿನ ಪೈಪ್ ಸೋರಿ ಡ್ರೈವಾಲ್ (ಗೋಡೆಯ ಒಳಮುಖದ ಜಿಪ್ಸಂ ಹಾಳೆ) ಕಿತ್ತೆವು. ಒಳಗೆ ಹೋಲ್ಡ್‌ಡೌನ್ ಕಂಡಿತು. ಮೇಲಿನ ಅಂತಸ್ತಿನ ಕಂಬದಲ್ಲಿ ಒಂದು, ಕೆಳಗಿನ ಅಂತಸ್ತಿನ ಕಂಬದ ತಲೆಯಲ್ಲಿ ಒಂದು. ನಡುವೆ ನೆಲ ತೂರಿ ಹೋದ 5/8 ಇಂಚಿನ ರಾಡ್. ಸ್ಕ್ರೂ ಎಲ್ಲ ಸರಿಯಾಗಿ ಎಣಿಕೆಗೆ ಸಿಕ್ಕವು. ನಟ್ ಇತ್ತು. ಸುಮ್ನೆ ಬೆರಳಿಟ್ಟೆ, ತಿರುಗಿತು. ಸ್ಪ್ಯಾನರ್ ಇಲ್ಲದೆ, ಬರೀ ಬೆರಳಲ್ಲಿ. ಒಂದು ಸುತ್ತು, ಎರಡು ಸುತ್ತು, ಮೂರನೇ ಸುತ್ತು ಮುಗಿಯುವ ಹೊತ್ತಿಗೆ ಬ್ರಾಕೆಟ್ಟಿಗೆ ತಾಗಿತು.

5/8ರ ರಾಡಿನಲ್ಲಿ ಇಂಚಿಗೆ 11 ಎಳೆ. ಮೂರು ಸುತ್ತು ಅಂದರೆ ಕಾಲು ಇಂಚಿಗೂ ಸ್ವಲ್ಪ ಜಾಸ್ತಿ ಸಡಿಲ. ಕಟ್ಟಿದವರು ಬಿಗಿಯದೆ ಬಿಟ್ಟಿದ್ದರು ಅಂತ ನಾನು ಮೊದಲು ಅಂದುಕೊಂಡೆ. ಆಮೇಲೆ ನೋಡಿದರೆ ಇನ್ನೊಂದು ತುದಿಯಲ್ಲೂ ಹಾಗೇ, ಆಚೆ ಗೋಡೆಯಲ್ಲೂ ಹಾಗೇ. ಎಲ್ಲದರಲ್ಲೂ ಹೆಚ್ಚು ಕಡಿಮೆ ಅಷ್ಟೇ ಸಂದು. ಎಲ್ಲರೂ ಎಲ್ಲ ಕಡೆ ಒಂದೇ ಅಳತೆಗೆ ಮರೆಯುವುದಿಲ್ಲ ಅಲ್ವಾ? ಮರ ಒಣಗಿ ಕುಗ್ಗಿತ್ತು.

ಇದನ್ನು ಸಾಫ್ಟ್‌ವೇರ್ ನೋಡುತ್ತದಾ? ನಿಜವಾಗಿಯೂ ಕೇಳುತ್ತಿದ್ದೇನೆ.

ವ್ಯಾಂಕೂವರ್_ವಾಸಿ

ನೋಡುತ್ತದೆ, ನಾವು ಹೇಳಿದರೆ. ಕೆನಡಾದ ವುಡ್ ಕೌನ್ಸಿಲ್‌ನ ಶಿಯರ್‌ವಾಲ್ಸ್ ಸಾಫ್ಟ್‌ವೇರಿನಲ್ಲಿ ಹೋಲ್ಡ್‌ಡೌನ್ ಸರಿದಾಟಕ್ಕೆ ಒಂದು ಕೋಷ್ಟಕವೇ ಇದೆ. ಹಿಗ್ಗುವಿಕೆ, ಸ್ಕ್ರೂ ಜಾರುವುದು, ಮರ ಕುಗ್ಗುವುದು, ಮರ ಜಜ್ಜುವುದು, ಎಲ್ಲಕ್ಕೂ ಬೇರೆ ಬೇರೆ ಅಂಕಣ. ಆದರೆ ಅದಕ್ಕೆ ಮರದ ತೇವ ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ, ಎಷ್ಟು ಇಂಚು ಅಡ್ಡಮರ ಕುಗ್ಗುತ್ತದೆ ಅಂತ ನಾವು ಕೊಡಬೇಕು.

ಸಾಗರದವರು ಹೇಳಿದ ಮನೆಯ ಲೆಕ್ಕ ಮಾಡಿ ನೋಡೋಣ. ಮರ ಉದ್ದಕ್ಕೆ ಕುಗ್ಗುವುದು ಬಹಳ ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಎರಡು ಬ್ರಾಕೆಟ್‌ಗಳ ನಡುವೆ ಅಡ್ಡ ಮಲಗಿರುವ ಮರ ಎಷ್ಟು? ಮೇಲಿನ ಗೋಡೆಯ ಕೆಳಪಟ್ಟಿ 1.5, ನೆಲದ ತೊಲೆ 11.25, ಕೆಳಗಿನ ಗೋಡೆಯ ಎರಡು ತಲೆಪಟ್ಟಿ 3. ಒಟ್ಟು 15.75 ಇಂಚು. ತೇವ 19ರಿಂದ 12ಕ್ಕೆ ಇಳಿದರೆ 7 ಶೇಕಡಾ. ಒಂದು ಶೇಕಡಾ ತೇವಕ್ಕೆ ಇಂಚಿಗೆ 0.0025 ಅನ್ನುವುದು ರೂಢಿಯ ಅಂದಾಜು. ಗುಣಿಸಿದರೆ 0.276 ಇಂಚು. ನಿಮ್ಮ ಬೆರಳಿನ ಮೂರು ಸುತ್ತು 0.273. ಓದಿ ಮೈ ಜುಂ ಅಂದಿತು.

ಈಗ ಇದರ ಪರಿಣಾಮ ನೋಡಿ. ಅಮೆರಿಕದ ಮರದ ಶಿಯರ್ ವಾಲ್ ಮಾನದಂಡ ಎಸ್‌ಡಿಪಿಡಬ್ಲ್ಯುಎಸ್‌ನ ಸೂತ್ರದಲ್ಲಿ ಗೋಡೆ ಬಾಗುವುದಕ್ಕೆ ಮೂರು ಪದಗಳು. ಕೊನೆಯದು ಹೋಲ್ಡ್‌ಡೌನ್ ಸರಿದಾಟವನ್ನು ಎತ್ತರದಿಂದ ಗುಣಿಸಿ ಉದ್ದದಿಂದ ಭಾಗಿಸುತ್ತದೆ. ಗಿಡ್ಡ ಅಗಲ ಗೋಡೆಗೆ ಅದು ದೊಡ್ಡದಲ್ಲ. 3 ಅಡಿ ಉದ್ದ, 9 ಅಡಿ ಎತ್ತರದ ಗೋಡೆ ತಗೊಳ್ಳಿ. ಬುಡದಲ್ಲಿ ಕಾಲು ಇಂಚು ಎದ್ದರೆ ತಲೆಯಲ್ಲಿ ಮುಕ್ಕಾಲು ಇಂಚು. ಅದಕ್ಕೆ ಸಿಡಿ, ಅಂದರೆ ಲೆಕ್ಕದ ಬಾಗನ್ನು ನಿಜ ಭೂಕಂಪದ ಬಾಗಿಗೆ ಹಿಗ್ಗಿಸುವ ಗುಣಕ, 4 ಗುಣಿಸಿದರೆ 3 ಇಂಚು. ಇಂಥ ಮನೆಗೆ ಅನುಮತಿ ಇರುವುದು ಎತ್ತರದ 0.025 ಭಾಗ, 108 ಇಂಚಿಗೆ 2.7. ಮೊಳೆ, ಪ್ಲೈವುಡ್, ಕಂಬ ಯಾವುದೂ ಅಲ್ಲಾಡುವ ಮೊದಲೇ ಮಿತಿ ದಾಟಿ ಹೋಯಿತು.

ನಮ್ಮಲ್ಲಿ ಬ್ರಿಟಿಷ್ ಕೊಲಂಬಿಯಾ 2009ರಲ್ಲಿ ಆರಂತಸ್ತಿನ ಮರದ ಕಟ್ಟಡಕ್ಕೆ ಅನುಮತಿ ಕೊಟ್ಟಿತು. ಪ್ರತಿ ಅಂತಸ್ತಿಗೂ ಕಾಲು ಇಂಚು ಕುಗ್ಗಿದರೆ ಮೇಲೆ ಹೋಗುವ ಹೊತ್ತಿಗೆ ಒಂದು ಇಂಚು ದಾಟುತ್ತದೆ. ಹಾಗಾಗಿ ಎತ್ತರದ ಕಟ್ಟಡಗಳಲ್ಲಿ ಬಿಡಿ ಬ್ರಾಕೆಟ್ ಬದಲು ಪಾಯದಿಂದ ಮೇಲಿನ ತನಕ ಒಂದೇ ರಾಡ್ ಓಡಿಸುತ್ತೇವೆ. ಪ್ರತಿ ಅಂತಸ್ತಿನಲ್ಲಿ ಸಡಿಲವನ್ನು ತಾನೇ ತುಂಬಿಕೊಳ್ಳುವ ಸಾಧನ ಕೂರಿಸುತ್ತೇವೆ. ಮರ ಇಳಿದಂತೆ ಅದು ಇಳಿದು ಬಿಗಿಯಾಗುತ್ತದೆ. 2009ರಲ್ಲೇ ಜಪಾನಿನ ಮಿಕಿಯಲ್ಲಿ ಆರಂತಸ್ತಿನ ಮರದ ಕಟ್ಟಡವನ್ನು ಕಂಪನ ವೇದಿಕೆಯ ಮೇಲೆ ಅಲ್ಲಾಡಿಸಿ ನೋಡಿದರಲ್ಲ, ಅದರಲ್ಲೂ ಇಂಥ ರಾಡ್‌ಗಳೇ ಇದ್ದವು.

ಸಿವಿಲ್_ಸುರತ್ಕಲ್

ಸರ್, ಒಂದು ಅನುಮಾನ. ಸಿಡಿ ಗುಣಿಸುವುದು ಬಲ ಜಾಸ್ತಿಯಾದಾಗ ಗೋಡೆ ಇನ್ನಷ್ಟು ಬಾಗುತ್ತದೆ ಅಂತ. ಆದರೆ ನಟ್ಟಿನ ಸಡಿಲ ಬಲದ ಜೊತೆ ಬೆಳೆಯುವುದಿಲ್ಲವಲ್ಲ. ಕಾಲು ಇಂಚು ಯಾವಾಗಲೂ ಕಾಲು ಇಂಚೇ. ಅದನ್ನು 4 ಪಟ್ಟು ಮಾಡುವುದು ಸರಿಯಾ?

ಮಳೆಯೂರು_ಸಿಯಾಟಲ್

ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ತರ್ಕ ಸರಿ. ಸಡಿಲ ನಿಜವಾಗಿಯೂ 4 ಪಟ್ಟು ಆಗುವುದಿಲ್ಲ. ಆದರೆ ಸೂತ್ರ ಅದನ್ನು ಬೇರೆ ಮಾಡಿ ಕೇಳುವುದಿಲ್ಲ, ಒಟ್ಟು ಸರಿದಾಟ ಅಂತ ಒಂದೇ ಪದದಲ್ಲಿ ಸೇರಿಸುತ್ತದೆ. ಹಾಗಾಗಿ ಗುಣಿಸಿಯೇ ತೋರಿಸಬೇಕಾಗುತ್ತದೆ. ನಾನು ಇದನ್ನು ಒಪ್ಪಿಕೊಳ್ಳುವುದಕ್ಕೆ ಇನ್ನೊಂದು ಕಾರಣ ಇದೆ. ಸಡಿಲ ಇರುವ ಗೋಡೆ ಮೊದಲ ಕಾಲು ಇಂಚಿಗೆ ಏನನ್ನೂ ತಡೆಯುವುದಿಲ್ಲ, ಆಮೇಲೆ ಒಮ್ಮೆಗೇ ಎಳೆತ ಬೀಳುತ್ತದೆ. ಪ್ರತಿ ಸಲ ಆಚೆ ಈಚೆ ತೂಗಿದಾಗಲೂ ಹಾಗೇ ಜಗ್ಗುತ್ತದೆ. ಆ ಜಗ್ಗಾಟ ನಮ್ಮ ಸೂತ್ರದಲ್ಲಿ ಎಲ್ಲೂ ಇಲ್ಲ.

ಸಾಗರದವರೇ, ನಿಮ್ಮ ಮೂರು ಸುತ್ತನ್ನು ನಮ್ಮ ಆಫೀಸಿನ ಹೊಸ ಹುಡುಗರಿಗೆ ಹೇಳಿದೆ. ಇನ್ನು ಮೇಲೆ ಡ್ರೈವಾಲ್ ಮುಚ್ಚುವ ಮುಂಚೆ ನಟ್ ಇನ್ನೊಮ್ಮೆ ಬಿಗಿಯಬೇಕು ಅಂತ ಡ್ರಾಯಿಂಗಿನಲ್ಲೇ ಬರೆಯುತ್ತೇವೆ.

ವ್ಯಾಂಕೂವರ್_ವಾಸಿ

ಇನ್ನೊಂದು ಮಾತು, ಎರಡೂ ದೇಶದ ಫೈಲು ಮಾಡುವವರಿಗೆ. ಕೆನಡಾದ ಮರದ ವಿನ್ಯಾಸ ಮಾನದಂಡ ಸಿಎಸ್‌ಎ ಒ86ರಲ್ಲಿ ಹೋಲ್ಡ್‌ಡೌನ್ ಇಲ್ಲದ ಗೋಡೆಗೂ ಶಕ್ತಿ ಇಳಿಸಿ ಲೆಕ್ಕ ಹಾಕಲು ಒಂದು ಗುಣಕ ಇದೆ. ಅಮೆರಿಕದ ಫೈಲಿಗೆ ಅದನ್ನು ಎತ್ತಿಕೊಂಡು ಹೋಗಬೇಡಿ. ಸಾಫ್ಟ್‌ವೇರಿನಲ್ಲಿ ದೇಶ ಬದಲಿಸಿದರೆ ಇಡೀ ಆಟ ಬದಲಾಗುತ್ತದೆ.

ಕೈಲೆಕ್ಕ_ಬೆಂಗಳೂರು

ಎರಡು ದಿನ ಆಯಿತು, ಬರೆಯಲು ತಡವಾಯಿತು. ಮಳೆಯೂರು ಮೇಡಂ ಕೇಳಿದ್ದನ್ನು ನೋಡಿದೆ.

ಟ್ರಸ್ ಆ ಗೋಡೆಗೆ ಸಮಾನಾಂತರವಾಗಿ ಓಡುತ್ತದೆ. ಮಾಡಿನ ಭಾರ ಆ ಗೋಡೆಯ ಮೇಲೆ ಬೀಳುವುದೇ ಇಲ್ಲ, ಪಕ್ಕದ ಗೋಡೆಗಳಿಗೆ ಹೋಗುತ್ತದೆ. ಹಳೇ ಪ್ರಾಜೆಕ್ಟಿನ ಫೈಲ್ ಕಾಪಿ ಮಾಡಿ ಶುರು ಮಾಡಿದ್ದೆ. 200 ಅದರಿಂದಲೇ ಉಳಿದುಕೊಂಡಿತ್ತು. ಗೋಡೆಯ ಸ್ವಂತ ಭಾರ ಮಾತ್ರ ಹಿಡಿದರೆ ಅಡಿಗೆ ಸುಮಾರು 110. ಒಟ್ಟು 880, ಅದರ 0.46 ಭಾಗ 405, ಅರ್ಧ 202. ಈಗ ಎಳೆತ 3,600 − 202 = 3,398.

ಅಂದರೆ ನನ್ನ 2,895 ತಪ್ಪು, ಸಾಫ್ಟ್‌ವೇರಿನ 3,232 ಕೂಡ ತಪ್ಪು. ಅದಕ್ಕೆ ತಪ್ಪು ಕೊಟ್ಟವನು ನಾನೇ. ಇದೇ ಹಳೇ ಫೈಲಿನಿಂದ ಮಾಡಿದ ಇನ್ನೂ ಎರಡು ಮನೆಗಳಿದ್ದವು, ಅವನ್ನೂ ತೆಗೆದು ನೋಡಿದೆ. ಒಂದರಲ್ಲಿ ಟ್ರಸ್ ದಿಕ್ಕು ಸರಿಯಿತ್ತು. ಇನ್ನೊಂದರಲ್ಲಿ ಇರಲಿಲ್ಲ. ಅದು ಇನ್ನೂ ಪರ್ಮಿಟ್‌ಗೆ ಹೋಗಿಲ್ಲ, ಸೀನಿಯರ್‌ಗೆ ತೋರಿಸಿ ತಿದ್ದಿದೆ. ಅವರು ಕೂತು ಪೂರ್ತಿ ಕೇಳಿದರು.

ಈ ಮನೆಗೆ ಎಚ್‌ಡಿಯು4 ಹಾಕಿದ್ದೇನೆ, 4,565 ಪೌಂಡ್. ಪಾಯಕ್ಕೆ ತಯಾರಕರ ಪರೀಕ್ಷೆ ಮಾಡಿದ ಆಳದ ಬೋಲ್ಟ್. ಕೋಷ್ಟಕದಲ್ಲಿ ಭೂಕಂಪದ ಕಾಲಂ, 1.75 ಇಂಚಿನ ಅಂಚು, ಗೋಡೆಯ ನಡುವಿನ ಜಾಗ, ಮೂರನ್ನೂ ಬೆರಳಿಟ್ಟು ಓದಿದೆ. ಸ್ಟೆಮ್ ವಾಲ್, ಅಂದರೆ ಪಾಯದ ಕಾಂಕ್ರೀಟ್ ಗೋಡೆ, ಆ ಬೋಲ್ಟ್ ಕೇಳುವಷ್ಟು ಎತ್ತರ ಇರಲಿಲ್ಲ, ಅಲ್ಲಿ ಫುಟಿಂಗ್ ಸ್ವಲ್ಪ ಕೆಳಗೆ ಇಳಿಸಿದೆ. ಪಾಯದ_ಮನುಷ್ಯ ಸರ್, ನೀವು ಬರೆಯದಿದ್ದರೆ ಈ ಸಾಲು ನನ್ನ ಡ್ರಾಯಿಂಗಿಗೆ ಬರುತ್ತಿರಲಿಲ್ಲ.

ಒಂದು ಉಳಿದಿದೆ. ತುದಿಯ ಕಂಬ ಎರಡು ಸ್ಟಡ್‌ದು. ಪ್ಲೈವುಡ್‌ನ ಅಂಚಿನ ಮೊಳೆ ಯಾವ ಸ್ಟಡ್‌ಗೆ ಹೊಡೆಯಬೇಕು ಅಂತ ಬರೆಯಬೇಕಾ?

ಸಾಗರದವ_ಸ್ಯಾಕ್ರಮೆಂಟೊ

ಬರೀಲೇಬೇಕು. ಬರೆಯದಿದ್ದರೆ ಹುಡುಗರು ಹೊರಗಿನ ಸ್ಟಡ್‌ಗೆ ಮಾತ್ರ ಹೊಡೆಯುತ್ತಾರೆ, ಯಾಕೆಂದರೆ ಹಾಳೆಯ ಅಂಚು ಅಲ್ಲಿದೆ. ಹೋಲ್ಡ್‌ಡೌನ್ ಸ್ಕ್ರೂ ಇರುವುದು ಒಳಗಿನ ಸ್ಟಡ್ ಕಡೆಯಿಂದ. ಆಗ ಎರಡನ್ನೂ ಜೋಡಿಸಿದ ನಾಲ್ಕೈದು ಮೊಳೆಗಳ ಮೇಲೆ ಇಡೀ ಎಳೆತ ಬೀಳುತ್ತದೆ. ಎರಡೂ ಸ್ಟಡ್‌ಗೆ ಅಂಚಿನ ಮೊಳೆ ಅಂತ ಬರೆಯಿರಿ. ಆಗುವ ಹಾಗಿದ್ದರೆ ಎರಡು ಸ್ಟಡ್ ಬಿಟ್ಟು ಒಂದೇ ನಾಲ್ಕು-ನಾಲ್ಕರ ಕಂಬ ಕೊಡಿ, ನಮಗೂ ತಲೆನೋವಿಲ್ಲ. ಆದರೆ ಅದು 3.5 ಇಂಚು ದಪ್ಪ, ಬೋಲ್ಟ್ ಇನ್ನು ಅರ್ಧ ಇಂಚು ಒಳಗೆ ಹೋಗುತ್ತದೆ.

ಆ ಬೋಲ್ಟಿನ ಅಳತೆಯನ್ನು ಎಲ್ಲಿ ಬರೆದಿದ್ದೀರಿ? ಫ್ರೇಮಿಂಗ್ ಶೀಟಿನಲ್ಲಿ ಬರೆದರೆ ಪ್ರಯೋಜನ ಇಲ್ಲ. ಕಾಂಕ್ರೀಟ್ ಹಾಕುವವರು ನಮಗಿಂತ ಒಂದು ತಿಂಗಳು ಮೊದಲು ಬಂದು ಹೋಗಿರುತ್ತಾರೆ. ಅವರ ಕೈಯಲ್ಲಿ ಇರುವುದು ಫೌಂಡೇಶನ್ ಶೀಟ್ ಒಂದೇ.

ಕೈಲೆಕ್ಕ_ಬೆಂಗಳೂರು

ಫ್ರೇಮಿಂಗ್ ಶೀಟಿನಲ್ಲೇ ಬರೆದಿದ್ದೆ. ನಾಲ್ಕು-ನಾಲ್ಕರ ಕಂಬಕ್ಕೆ ಬದಲಿಸಿ ಮೊಮೆಂಟ್ ಆರ್ಮ್ ಇನ್ನೊಮ್ಮೆ ಲೆಕ್ಕ ಮಾಡುತ್ತೇನೆ. ಬೋಲ್ಟ್ ಈಗ ಗೋಡೆ ತುದಿಯಿಂದ 4 13/16 ಇಂಚು. ಆ ಅಳತೆಯನ್ನು ಫೌಂಡೇಶನ್ ಶೀಟಿಗೆ ಹಾಕುತ್ತಿದ್ದೇನೆ.